ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಬರ್ತಿತ್ತು?

"ನಿಮ್ಮ ಸಿಸ್ಟಮ್‌ಗೆ ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಬರ್ತಿತ್ತು?"

ಇಷ್ಟೇ ಕೇಳಿದ್ದು. ಮೂರು ವರ್ಷ ನಾನೇ ಕಟ್ಟಿ, ರಾತ್ರಿ ಎರಡು ಗಂಟೆಗೆ ಎದ್ದು ನಾನೇ ರಿಪೇರಿ ಮಾಡಿದ ಸಿಸ್ಟಮ್ ಅದು. ಗ್ರಾಹಕರಿಗೆ ಹೋಗುವ ಮೇಲ್, ಎಸ್ಎಂಎಸ್, ಆ್ಯಪ್ ನೋಟಿಫಿಕೇಶನ್ ಎಲ್ಲ ಅದರ ಮೂಲಕವೇ ಹೋಗುತ್ತಿದ್ದವು. ಸೀನಿಯರ್ ಇಂಜಿನಿಯರ್ ಹುದ್ದೆಯ ಇಂಟರ್‌ವ್ಯೂ, ನಾಲ್ಕನೇ ರೌಂಡ್. ಎದುರಿಗಿದ್ದವರು ಮೆದುವಾಗಿಯೇ ಕೇಳಿದರು. ನನ್ನ ಬಾಯಿಂದ ಬಂದದ್ದು, "ಜಾಸ್ತಿನೇ ಬರ್ತಿತ್ತು."

ಜಾಸ್ತಿ ಅಂದ್ರೆ? ನೂರಾ, ಹತ್ತು ಸಾವಿರವಾ? ನನಗೆ ಗೊತ್ತಿರಲಿಲ್ಲ. ಡ್ಯಾಶ್‌ಬೋರ್ಡ್ ದಿನಾ ನೋಡುತ್ತಿದ್ದೆ, ಆದರೆ ಹಸಿರಾಗಿದೆಯಾ ಕೆಂಪಾಗಿದೆಯಾ ಅಂತ ಮಾತ್ರ. ಅವರು ಬಿಡಲಿಲ್ಲ. "ಸರಿ, ಮಧ್ಯೆ ಒಂದು ಕ್ಯೂ ಹಾಕಿದೀರಲ್ಲ, ಅದಿಲ್ಲದೆ ನೇರವಾಗಿ ಕಳಿಸಿದ್ದರೆ ಏನಾಗ್ತಿತ್ತು?" (ಕ್ಯೂ ಅಂದರೆ ಕಳಿಸಬೇಕಾದ ಮೆಸೇಜ್‌ಗಳು ಸಾಲಾಗಿ ಕಾಯುವ ಜಾಗ.) ಅದಕ್ಕೆ ಸ್ಕೇಲ್, ಡಿಕಪ್ಲಿಂಗ್ ಅಂತ ಏನೇನೋ ದೊಡ್ಡ ಪದ ಹೇಳಿದೆ. ಅವರು ತಲೆ ಆಡಿಸಿ ಏನೋ ಬರೆದುಕೊಂಡರು. ಆ ತಲೆಯಾಟ ನೋಡಿದಾಗಲೇ ರಿಸಲ್ಟ್ ಗೊತ್ತಾಗಿಹೋಯಿತು.

ಆ ಇಂಟರ್‌ವ್ಯೂಗೆ ನಾನು ಓದದೆ ಹೋಗಿದ್ದೆ ಅಂದುಕೊಳ್ಳಬೇಡಿ. ಎರಡು ತಿಂಗಳು ಕೂತು ಇನ್ನೂರು ಕೋಡಿಂಗ್ ಪ್ರಾಬ್ಲಮ್ ಬಿಡಿಸಿದ್ದೆ. ಸಿಸ್ಟಮ್ ಡಿಸೈನ್ ವಿಡಿಯೋಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡಿದ್ದೆ. ಯಾರೋ ಕಟ್ಟಿದ ವಿಡಿಯೋ ಸ್ಟ್ರೀಮಿಂಗ್ ಸಿಸ್ಟಮ್ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದ್ದರೆ ಅರ್ಧ ಗಂಟೆ ಮಾತಾಡುತ್ತಿದ್ದೆ. ನಾನು ಕಟ್ಟಿದ್ದರ ಬಗ್ಗೆ ಕೇಳಿದರೆ ಮಾತ್ರ ಬಾಯಿ ಕಟ್ಟಿಹೋಯಿತು. ಆದ್ದರಿಂದ ಎರಡನೇ ಸಲ ತಯಾರಿಯನ್ನು ತಲೆಕೆಳಗು ಮಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಒಂದು ನೋಟ್‌ಬುಕ್ ತಗೊಂಡು, ಕಳೆದ ಆರು ವರ್ಷದಲ್ಲಿ ಮಾಡಿದ ಕೆಲಸಗಳಲ್ಲಿ ಐದನ್ನು ಬರೆದದ್ದು. ಐದೇ. ಒಂದೊಂದಕ್ಕೂ ನಾಲ್ಕೈದು ಹಾಳೆ ಬಿಟ್ಟೆ. ಇದನ್ನು ಮಾಡುವ ಮೊದಲು ಪರಿಸ್ಥಿತಿ ಹೇಗಿತ್ತು, ಯಾರಿಗೆ ಏನು ತೊಂದರೆ ಆಗುತ್ತಿತ್ತು, ಬೇರೆ ಯಾವ ದಾರಿಗಳಿದ್ದವು, ಅವನ್ನು ಯಾಕೆ ಬಿಟ್ಟೆವು, ಆಮೇಲೆ ಏನು ಮುರಿದುಬಿತ್ತು, ಇವತ್ತು ಮತ್ತೆ ಮಾಡಿದರೆ ಏನು ಬದಲಾಯಿಸುತ್ತೇನೆ. ಬರೆಯೋಕೆ ಕೂತಾಗ ಗೊತ್ತಾಯಿತು, ಅರ್ಧಕ್ಕರ್ಧ ಮರೆತೇ ಹೋಗಿದೆ. ನೆನಪಿರುವ ಅರ್ಧದಲ್ಲೂ ಒಂದಷ್ಟು ನಾನೇ ಆಮೇಲೆ ಕಟ್ಟಿಕೊಂಡ ಕತೆ.

ಹಳೆಯ ಟಿಕೆಟ್‌ಗಳನ್ನು, ಅಂದರೆ ಒಂದೊಂದು ಕೆಲಸ, ತೊಂದರೆ ಬಗ್ಗೆ ಬರೆದಿಟ್ಟ ನಮೂದುಗಳನ್ನು ಕೆದಕಿದೆ. ಡಿಸೈನ್ ಡಾಕ್ಯುಮೆಂಟ್ ತೆಗೆದು ಅದರ ಕೆಳಗೆ ನಡೆದಿದ್ದ ಜಗಳಗಳನ್ನೆಲ್ಲ ಓದಿದೆ. (ಡಾಕ್ಯುಮೆಂಟ್‌ಗಿಂತ ಆ ಕಾಮೆಂಟ್‌ಗಳಲ್ಲೇ ಜಾಸ್ತಿ ವಿಷಯ ಇರುತ್ತದೆ, ನೋಡಿ ಬೇಕಾದರೆ.) ಕಮಿಟ್ ಮೆಸೇಜ್‌ಗಳು (ಕೋಡ್ ಬದಲಿಸಿದಾಗ ಬರೆಯುವ ಟಿಪ್ಪಣಿ), ಇನ್ಸಿಡೆಂಟ್ ರಿಪೋರ್ಟ್‌ಗಳು, ಎಲ್ಲ. ಒಂದು ಎಚ್ಚರಿಕೆ: ಓದಿ, ತಲೆಯಲ್ಲಿ ಇಟ್ಟುಕೊಳ್ಳಿ, ಆದರೆ ಕಂಪನಿಯ ಫೈಲ್‌ಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಇಂಟರ್‌ವ್ಯೂನಲ್ಲಿ ಹೇಳುವಾಗಲೂ ಗುಟ್ಟಿನ ಅಂಕಿ ಬೇಡ, ದುಂಡು ಸಂಖ್ಯೆ ಸಾಕು. ಹಳೆ ಕಂಪನಿಯ ಗುಟ್ಟನ್ನು ನಮ್ಮ ಮುಂದೆ ಬಿಚ್ಚಿಟ್ಟವನು ನಾಳೆ ನಮ್ಮದನ್ನೂ ಬಿಚ್ಚಿಡುತ್ತಾನೆ ಅಂತ ಅವರಿಗೂ ಅನಿಸುತ್ತದೆ.

ಕೆದಕಿದಾಗ ಎರಡು ವಿಷಯ ಸಿಕ್ಕಿದವು.

ಒಂದು, ಆ ನಂಬರ್. ದಿನಕ್ಕೆ ಸುಮಾರು 35 ಲಕ್ಷ ನೋಟಿಫಿಕೇಶನ್ ಹೋಗುತ್ತಿದ್ದವು. ಕೇಳೋಕೆ ದೊಡ್ಡದು, ಅಲ್ವಾ? ನಾನೂ ಹಾಗೇ ಅಂದುಕೊಂಡು ಎದೆ ಉಬ್ಬಿಸಿದೆ. ದಿನಕ್ಕೆ 86,400 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 40. ನಲವತ್ತು! ನನ್ನ "ಜಾಸ್ತಿ" ಅಂದರೆ ಅದು. ಸಂಜೆ ಹೊತ್ತಿನ ಪೀಕ್‌ನಲ್ಲಿ ಮೂರು ಪಟ್ಟು, 120 ಇರಬಹುದು. ಮೊದಲು ನಾಚಿಕೆಯಾಯಿತು. ಆಮೇಲೆ ಯೋಚಿಸಿದರೆ, ಈ ಚಿಕ್ಕ ನಂಬರೇ ಒಳ್ಳೆಯ ಉತ್ತರ. ಸೆಕೆಂಡಿಗೆ 40 ಅಂತ ಗೊತ್ತಿದ್ದರೆ ಒಂದೇ ಡೇಟಾಬೇಸ್ ಸಾಕು, ಶಾರ್ಡಿಂಗ್ (ಡೇಟಾವನ್ನು ಹಲವು ಡೇಟಾಬೇಸ್‌ಗಳಿಗೆ ಹಂಚೋದು) ಬೇಡ ಅಂತ ಧೈರ್ಯವಾಗಿ ಹೇಳಬಹುದು. "ಜಾಸ್ತಿ" ಅಂದವನು ಯಾವುದನ್ನೂ ಬೇಡ ಅನ್ನುವ ಹಾಗಿಲ್ಲ. ಎಲ್ಲವನ್ನೂ ಹಾಕಬೇಕಾಗುತ್ತದೆ.

ಎರಡು, ಆ ಕ್ಯೂ. ಅದನ್ನು ಹಾಕಿದ್ದು ಸ್ಕೇಲ್‌ಗೆ ಅಲ್ಲವೇ ಅಲ್ಲ! ನಾವು ಬಳಸುತ್ತಿದ್ದ ಎಸ್ಎಂಎಸ್ ಸೇವೆ ವಾರಕ್ಕೆ ಎರಡು ಸಲ ಹತ್ತಿಪ್ಪತ್ತು ನಿಮಿಷ ಮಲಗಿಬಿಡುತ್ತಿತ್ತು. ನೇರವಾಗಿ ಕರೆಯುತ್ತಿದ್ದಾಗ ಅದರ ಜೊತೆ ನಮ್ಮ ಆರ್ಡರ್ ಪೇಜ್ ಕೂಡ ಮಲಗುತ್ತಿತ್ತು, ಯಾಕೆಂದರೆ ಕಳಿಸುವವರೆಗೂ ಥ್ರೆಡ್‌ಗಳು (ಸರ್ವರ್ ಒಳಗೆ ಒಂದೊಂದು ರಿಕ್ವೆಸ್ಟ್ ನೋಡಿಕೊಳ್ಳುವ ಕೆಲಸಗಾರರು ಅನ್ನಿ) ಕಾದು ಕೂರುತ್ತಿದ್ದವು, ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾಯುವ ಮಿತಿ, 30 ಸೆಕೆಂಡ್ ಇತ್ತು, ಸ್ವಲ್ಪ ಹೊತ್ತಿಗೆ ಬಿಡುವಿರುವ ಥ್ರೆಡ್ ಒಂದೂ ಉಳಿಯುತ್ತಿರಲಿಲ್ಲ. ಕ್ಯೂ ಬಂದದ್ದು ಅದಕ್ಕೆ. ಆ ಟಿಕೆಟ್ ಬರೆದವನು ನಾನೇ, ನನಗೇ ಮರೆತುಹೋಗಿತ್ತು. ಇಂಟರ್‌ವ್ಯೂನಲ್ಲಿ ಇದೊಂದನ್ನು ಹೇಳಿದ್ದರೆ ಸಾಕಿತ್ತು.

ಕೆಲಸ ಬಿಟ್ಟು ಆಗಿದೆ, ಹಳೆ ಟಿಕೆಟ್ ನೋಡೋಕೆ ಆಗಲ್ಲ ಅನ್ನುವವರು ಜೊತೆಗೆ ಕೆಲಸ ಮಾಡಿದವರಿಗೆ ಫೋನ್ ಮಾಡಿ. ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ. ಅದೂ ಆಗದಿದ್ದರೆ ಎಷ್ಟು ಬಳಕೆದಾರರಿದ್ದರು, ಒಬ್ಬೊಬ್ಬರು ದಿನಕ್ಕೆ ಎಷ್ಟು ಸಲ ಬರುತ್ತಿದ್ದರು ಅಂತ ಗುಣಿಸಿ ಅಂದಾಜು ಮಾಡಿ, ಇದು ಅಂದಾಜು ಅಂತ ಹೇಳಿಯೇ ಹೇಳಿ.

ಆಮೇಲೆ ಫೋನ್‌ನಲ್ಲಿ ನನ್ನದೇ ಮಾತು ರೆಕಾರ್ಡ್ ಮಾಡಿ ಕೇಳಿದೆ. ಹಿಂಸೆ. ಆದರೆ ಕೇಳಲೇಬೇಕು. ಹನ್ನೊಂದು ನಿಮಿಷದ ಮಾತಿನಲ್ಲಿ "ನಾವು ಮಾಡಿದೆವು", "ನಾವು ನಿರ್ಧರಿಸಿದೆವು" ಅಂತ ಮೂವತ್ತಕ್ಕೂ ಹೆಚ್ಚು ಸಲ. "ನಾನು" ಅಂತ ಎರಡೇ ಸಲ, ಅದರಲ್ಲಿ ಒಂದು "ನಾನು ರಜೆಯಲ್ಲಿದ್ದೆ" ಅಂತ. ನಮ್ಮ ಮಾತೇ ಹಾಗೆ. ಒಬ್ಬನೇ ಇದ್ದರೂ "ನಮ್ಮ ಮನೆ", "ನಮ್ಮಮ್ಮ" ಅನ್ನುವವರು ನಾವು. "ನಾನು ಮಾಡಿದೆ" ಅಂದರೆ ಕೊಚ್ಚಿಕೊಂಡಂತೆ ಅನಿಸುತ್ತದೆ. ಇಂಟರ್‌ವ್ಯೂ ಮಾಡುವವರಿಗೆ ಮಾತ್ರ ಇದು ಬೇರೆ ಥರ ಕೇಳಿಸುತ್ತದೆ: ಈ ಮನುಷ್ಯ ಮೀಟಿಂಗ್‌ನಲ್ಲಿ ಕೂತಿದ್ದನೋ, ಕೆಲಸ ಮಾಡಿದನೋ?

ಹಾಗಂತ ಎಲ್ಲ "ನಾವು"ಗಳನ್ನೂ "ನಾನು" ಮಾಡಿದರೆ ಅದು ಸುಳ್ಳು, ಮೂರನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ನಾನು ಮಾಡಿದ್ದು ಇಷ್ಟೇ, ನೋಟ್‌ಬುಕ್‌ನಲ್ಲಿ ಪ್ರತಿ "ನಾವು" ಪಕ್ಕ ಯಾರು ಅಂತ ಬರೆದೆ. ಐಡಿಯಾ ಸಹೋದ್ಯೋಗಿಯದು, ಅದರಲ್ಲಿ ಡುಪ್ಲಿಕೇಟ್ ಬರುತ್ತದೆ ಅಂತ ಕಂಡುಹಿಡಿದದ್ದು ನಾನು, ಕೋಡ್ ಅರ್ಧರ್ಧ, ಮ್ಯಾನೇಜರನ್ನು ಒಪ್ಪಿಸಿದ್ದು ಇಬ್ಬರೂ. ಹೀಗೆ ಬಿಡಿಸಿ ಹೇಳಿದರೆ ಕೊಚ್ಚಿಕೊಂಡಂತೆಯೂ ಇರುವುದಿಲ್ಲ, ಕೇಳುವವರಿಗೂ ನಂಬಿಕೆ ಬರುತ್ತದೆ.

ಕೋಡಿಂಗ್ ರೌಂಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಎರಡನೇ ಸಲ ನಾನು ಬಿಡಿಸಿದ್ದು ಎಪ್ಪತ್ತು ಪ್ರಾಬ್ಲಮ್, ಆದರೆ ಒಂದೊಂದನ್ನೂ ಎರಡು ಸಲ, ಮಧ್ಯೆ ಎರಡು ವಾರ ಬಿಟ್ಟು. ಹ್ಯಾಶ್ ಮ್ಯಾಪ್, ಟೂ ಪಾಯಿಂಟರ್, ಗ್ರಾಫ್‌ನಲ್ಲಿ ಬಿಎಫ್ಎಸ್ ಮತ್ತು ಡಿಎಫ್ಎಸ್ (ಹುಡುಕುವ ಎರಡು ವಿಧಾನ), ಹೀಪ್, ಇಂಟರ್ವಲ್‌ಗಳು, ಸ್ವಲ್ಪ ಡೈನಾಮಿಕ್ ಪ್ರೋಗ್ರಾಮಿಂಗ್. ಎಡಿಟರ್‌ನಲ್ಲಿ ಎಐ ಸಹಾಯ ಆಫ್ ಮಾಡಿದೆ. ಮೊದಲ ದಿನ ಒಂದು ಲಿಸ್ಟನ್ನು ಎರಡನೇ ಫೀಲ್ಡ್ ಪ್ರಕಾರ ಸಾರ್ಟ್ ಮಾಡೋದು ಹೇಗೆ ಅಂತಲೇ ನೆನಪಾಗಲಿಲ್ಲ, ಹೇಳೋಕೆ ಅವಮಾನ. ಕೆಲವು ಕಡೆ ಈಗ ಎಐ ಬಳಸೋಕೆ ಬಿಡುತ್ತಾರೆ, ಕೆಲವು ಕಡೆ ಬಿಡೋದಿಲ್ಲ. ರಿಕ್ರೂಟರ್‌ನ ಮೊದಲೇ ಕೇಳಿಬಿಡಿ.

ಕೋಡ್‌ನಲ್ಲಿ ತಪ್ಪಾದರೆ ಗಾಬರಿ ಬೇಡ. ಬೈನರಿ ಸರ್ಚ್‌ನಲ್ಲಿ (ಜೋಡಿಸಿಟ್ಟ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕೋದು) ಮಧ್ಯದ ಜಾಗ ಹುಡುಕೋಕೆ ಲೋ ಮತ್ತು ಹೈ, ಅಂದರೆ ಮೊದಲ ಮತ್ತು ಕೊನೆಯ ಜಾಗದ ಸಂಖ್ಯೆ, ಕೂಡಿಸಿ ಎರಡರಿಂದ ಭಾಗಿಸುತ್ತೇವಲ್ಲ, ಆ ಮೊತ್ತ 2,147,483,647 ದಾಟಿದರೆ 32 ಬಿಟ್ ಇಂಟಿಜರ್ ತುಂಬಿ ಹರಿದು ನೆಗೆಟಿವ್ ಆಗುತ್ತದೆ. ಈ ಬಗ್ ಜಾವಾದ ಸ್ವಂತ ಲೈಬ್ರರಿಯಲ್ಲೇ ಸುಮಾರು ಒಂಬತ್ತು ವರ್ಷ ಆರಾಮಾಗಿ ಕೂತಿತ್ತು. ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದರ ಬಗ್ಗೆ ಬರೆದರು. ಹೈನಿಂದ ಲೋ ಕಳೆದು, ಅದರ ಅರ್ಧವನ್ನು ಲೋಗೆ ಸೇರಿಸಿದರೆ ಸರಿಹೋಗುತ್ತದೆ. ಅಂಥವರಿಗೇ ತಪ್ಪುತ್ತದೆ ಅಂದಮೇಲೆ ನಮ್ಮದೇನು. ಸುಮ್ನೆ ಮೌನವಾಗಿ ಕೂತು ಬರೆಯಬೇಡಿ ಅಷ್ಟೇ. ತಲೆಯಲ್ಲಿ ಓಡುತ್ತಿರುವುದನ್ನು ಬಾಯಲ್ಲಿ ಹೇಳುತ್ತಾ ಬರೆಯಿರಿ, ದಾರಿ ತಪ್ಪಿದರೆ ಅವರೇ ಒಂದು ಸುಳಿವು ಕೊಡುತ್ತಾರೆ.

ಸಿಸ್ಟಮ್ ಡಿಸೈನ್‌ಗೆ ಬರೋಣ. ನನ್ನ ಗೆಳೆಯನೊಬ್ಬ ತಾನೇ ಇಂಟರ್‌ವ್ಯೂ ತಗೊಳ್ಳುವವನು. ಅವನನ್ನು ಕಾಡಿಬೇಡಿ ಅಭ್ಯಾಸಕ್ಕೆ ಕೂರಿಸಿಕೊಂಡೆ. ಉದ್ದದ ಲಿಂಕನ್ನು ಚಿಕ್ಕದು ಮಾಡುವ ಸೇವೆ ಡಿಸೈನ್ ಮಾಡು ಅಂದ. ಹಳೇ ಪ್ರಶ್ನೆ, ನನಗೆ ಖುಷಿ. ಮೂರು ನಿಮಿಷದಲ್ಲಿ ಲೋಡ್ ಬ್ಯಾಲೆನ್ಸರ್, ರೆಡಿಸ್, ಕಾಫ್ಕಾ, ಹದಿನಾರು ಶಾರ್ಡ್, ಬೋರ್ಡ್ ತುಂಬ ಡಬ್ಬಿಗಳು.

"ನಿಲ್ಲು ಮಾರಾಯ. ಯಾರಿಗೆ ಕಟ್ತಿದೀಯ ಇದನ್ನ?"

ಕೇಳಿರಲೇ ಇಲ್ಲ ನಾನು. ದಿನಕ್ಕೆ ಎಷ್ಟು ಹೊಸ ಲಿಂಕ್? ಓದೋದು ಜಾಸ್ತಿಯೋ ಬರೆಯೋದು ಜಾಸ್ತಿಯೋ? ಲಿಂಕ್ ಹಳತಾದರೆ ಅಳಿಸಬೇಕಾ? ಏನು ಕಳೆದುಹೋದರೂ ನಡೆಯುತ್ತದೆ, ಏನು ಕಳೆಯಲೇಬಾರದು? ಜೂನಿಯರ್‌ಗೆ ಪ್ರಶ್ನೆಯನ್ನು ಬಿಡಿಸಿ ಕೊಡುತ್ತಾರೆ. ಸೀನಿಯರ್‌ಗೆ ಬೇಕೆಂದೇ ಅರ್ಧಂಬರ್ಧ ಪ್ರಶ್ನೆ ಕೊಟ್ಟು, ಉಳಿದರ್ಧವನ್ನು ಇವನು ಕೇಳುತ್ತಾನಾ ಅಂತ ಕಾಯುತ್ತಾರೆ.

ಲೆಕ್ಕ ಹಾಕೋದನ್ನೂ ಅವನೇ ಕಲಿಸಿದ. 86,400 ಅನ್ನು ಒಂದು ಲಕ್ಷ ಅಂತ ಇಟ್ಟುಕೋ ಅಂದ. ಆಗ ದಿನಕ್ಕೆ ಹತ್ತು ಕೋಟಿ ರಿಕ್ವೆಸ್ಟ್ ಅಂದರೆ ಸೆಕೆಂಡಿಗೆ ಸಾವಿರ. ನಿಜವಾಗಿ 1,157, ಆದರೆ ಇಂಥ ಕಡೆ ಅಷ್ಟು ವ್ಯತ್ಯಾಸಕ್ಕೆ ಏನೂ ಬದಲಾಗೋದಿಲ್ಲ. ದಿನಕ್ಕೆ ಒಂದು ಕೋಟಿ ಹೊಸ ಲಿಂಕ್, ಒಂದಕ್ಕೆ 500 ಬೈಟ್ ಅಂದರೆ ದಿನಕ್ಕೆ 5 ಜಿಬಿ, ವರ್ಷಕ್ಕೆ 1.8 ಟಿಬಿ. ಚಿಕ್ಕ ಲಿಂಕ್‌ನಲ್ಲಿ ಏಳು ಅಕ್ಷರ, ಒಂದೊಂದು ಜಾಗಕ್ಕೂ 62 ಆಯ್ಕೆ ಇದ್ದರೆ ಒಟ್ಟು ಸುಮಾರು 3.5 ಲಕ್ಷ ಕೋಟಿ ಲಿಂಕ್ ಆಗುತ್ತದೆ. ದಿನಕ್ಕೆ ಕೋಟಿಯಂತೆ ಖರ್ಚು ಮಾಡಿದರೂ ಒಂಬೈನೂರು ವರ್ಷ ದಾಟುತ್ತದೆ. ಅಕ್ಷರ ಮುಗಿದುಹೋಗುವ ಚಿಂತೆ ಬಿಟ್ಟುಬಿಡಬಹುದು. ಇನ್ನು ವೇಗ. ಮೆಮೊರಿಯಿಂದ ಓದೋಕೆ ಸುಮಾರು 100 ನ್ಯಾನೊಸೆಕೆಂಡ್, ಎಸ್ಎಸ್‌ಡಿಯಿಂದ ಹೆಚ್ಚುಕಡಿಮೆ 100 ಮೈಕ್ರೊಸೆಕೆಂಡ್, ಒಂದೇ ಡೇಟಾ ಸೆಂಟರ್ ಒಳಗೆ ಹೋಗಿ ಬರೋಕೆ ಅರ್ಧ ಮಿಲಿಸೆಕೆಂಡ್, ಖಂಡ ದಾಟಿ ಹೋಗಿ ಬರೋಕೆ 150 ಮಿಲಿಸೆಕೆಂಡ್. ಈ ನಾಲ್ಕು ಗೊತ್ತಿದ್ದರೆ ಕ್ಯಾಶ್ (ಪದೇಪದೇ ಬೇಕಾಗುವುದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳೋದು) ಎಲ್ಲಿ ಬೇಕು, ಎಲ್ಲಿ ಸುಮ್ನೆ ಅಲಂಕಾರಕ್ಕೆ ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಆದರೆ ನಿಜವಾದ ಮಾತುಕತೆ ಶುರುವಾಗೋದು ಡಬ್ಬಿಗಳೆಲ್ಲ ಬರೆದು ಮುಗಿದಮೇಲೆ, "ಇದು ಕೆಟ್ಟರೆ?" ಅಂತ ಕೇಳಿದಾಗ. ಹಣ ಕಳಿಸುವ ಉದಾಹರಣೆ ತಗೊಳ್ಳಿ. ಆ್ಯಪ್ ರಿಕ್ವೆಸ್ಟ್ ಕಳಿಸಿತು, ಉತ್ತರ ಬರಲಿಲ್ಲ, ಟೈಮ್‌ಔಟ್ ಆಯಿತು. ಹಣ ಕಟ್ ಆಯಿತೋ ಇಲ್ಲವೋ? ಗೊತ್ತಿಲ್ಲ. ಎರಡೂ ಸಾಧ್ಯ. ಮತ್ತೆ ಕಳಿಸಿದರೆ ಎರಡು ಸಲ ಕಟ್ ಆಗಬಹುದು, ಕಳಿಸದಿದ್ದರೆ ಹೋಗದೇ ಇರಬಹುದು. ಅದಕ್ಕೇ ಪ್ರತಿ ವ್ಯವಹಾರಕ್ಕೂ ಆ್ಯಪ್ ಕಡೆಯಿಂದಲೇ ಒಂದು ಗುರುತಿನ ಸಂಖ್ಯೆ ಕಳಿಸೋದು, ಇದನ್ನೇ ಐಡೆಂಪೊಟೆನ್ಸಿ ಕೀ ಅನ್ನುತ್ತಾರೆ. ಅದೇ ಸಂಖ್ಯೆ ಮತ್ತೆ ಬಂದರೆ ಹೊಸದಾಗಿ ಏನೂ ಮಾಡದೆ ಹಳೆಯ ಉತ್ತರವನ್ನೇ ಕೊಡಬೇಕು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ ನಾನು. ಗೆಳೆಯ ಬಿಡಬೇಕಲ್ಲ. "ಕೀಯನ್ನು ಡೇಟಾಬೇಸ್‌ನಲ್ಲಿ ಬರೆದೆ, ಹೊರಗಿನ ಬ್ಯಾಂಕಿಗೆ ಕರೆ ಮಾಡಿದೆ, ಉತ್ತರ ಬರೆದುಕೊಳ್ಳುವ ಮೊದಲೇ ನಿನ್ನ ಸರ್ವರ್ ಸತ್ತಿತು. ಈಗ?" ಬ್ಯಾಂಕಿಗೆ ಹೋದ ಕರೆಯನ್ನು ನಮ್ಮ ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗೆ ಹಾಕೋಕೆ ಆಗೋದಿಲ್ಲ, ರೋಲ್‌ಬ್ಯಾಕ್ (ಬರೆದದ್ದನ್ನು ರದ್ದು) ಮಾಡಿದರೆ ಹೋದ ಹಣ ವಾಪಸ್ ಬರೋದಿಲ್ಲ. ಆದ್ದರಿಂದ "ಶುರುವಾಗಿದೆ" ಅಂತ ಮೊದಲೇ ಬರೆದಿಟ್ಟು, ಬ್ಯಾಂಕಿಗೂ ಅದೇ ಕೀ ಕಳಿಸಿ, ಅರ್ಧಕ್ಕೆ ನಿಂತವುಗಳನ್ನು ಬೇರೊಂದು ಕೆಲಸಗಾರ ಪ್ರೋಗ್ರಾಮ್ ಹುಡುಕಿ ಬ್ಯಾಂಕನ್ನು "ಇದೇನಾಯಿತು?" ಅಂತ ಕೇಳಿ ಮುಗಿಸಬೇಕು. ರಿಟ್ರೈ ಮಾಡುವಾಗಲೂ ಕಾಯುವ ಸಮಯವನ್ನು ಪ್ರತಿ ಸಲ ಹೆಚ್ಚಿಸುತ್ತಾ, ಅದರಲ್ಲಿ ಸ್ವಲ್ಪ ಏರುಪೇರು ಬೆರೆಸಬೇಕು. ಇಲ್ಲದಿದ್ದರೆ ಈಗಷ್ಟೇ ಎದ್ದು ಕೂತ ಸರ್ವರ್ ಮೇಲೆ ಎಲ್ಲರೂ ಒಂದೇ ಕ್ಷಣಕ್ಕೆ ಕುರಿಮಂದೆ ಥರ ನುಗ್ಗಿ ಅದನ್ನು ಮತ್ತೆ ಮಲಗಿಸುತ್ತಾರೆ. ಇದೆಲ್ಲ ವಿಡಿಯೋದಲ್ಲಿ ಇರಲಿಲ್ಲವಾ? ಇತ್ತು. ಒಂದೂವರೆ ಪಟ್ಟು ವೇಗದಲ್ಲಿ ಹೋಗಿತ್ತು.

ಕ್ಯಾಪ್ ಥಿಯರಮ್ ಬಗ್ಗೆ ಒಂದು ಮಾತು. ಹಲವು ಕಂಪ್ಯೂಟರ್‌ಗಳಲ್ಲಿ ಹರಡಿದ ಸಿಸ್ಟಮ್‌ಗೆ ಎಲ್ಲ ಕಡೆ ಒಂದೇ ಸರಿಯಾದ ಉತ್ತರ, ಯಾವಾಗಲೂ ಉತ್ತರ, ನೆಟ್‌ವರ್ಕ್ ತುಂಡಾದರೂ ನಡೆಯೋದು, ಈ ಮೂರೂ ಒಟ್ಟಿಗೆ ಸಿಗೋದಿಲ್ಲ ಅನ್ನೋದು ಅದು. 2000ರಲ್ಲಿ ಎರಿಕ್ ಬ್ರೂವರ್ ಊಹೆಯಾಗಿ ಮುಂದಿಟ್ಟದ್ದು, 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಸಾಧಿಸಿ ತೋರಿಸಿದರು. "ಮೂರರಲ್ಲಿ ಎರಡು ಆರಿಸಿಕೋ" ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಆದರೆ ನೆಟ್‌ವರ್ಕ್ ತುಂಡಾಗೋದು ನಾವು ಆರಿಸುವ ವಿಷಯವೇ ಅಲ್ಲ, ಅದು ಆಗೇ ಆಗುತ್ತದೆ. ತುಂಡಾದಾಗ ತಪ್ಪು ಉತ್ತರ ಕೊಟ್ಟರೂ ಪರವಾಗಿಲ್ಲ ಅಂತ ಮುಂದುವರಿಯುತ್ತೀರೋ, ಉತ್ತರವೇ ಕೊಡದೆ ನಿಲ್ಲುತ್ತೀರೋ ಅಷ್ಟೇ ಪ್ರಶ್ನೆ. ಲೈಕ್ ಎಣಿಕೆ ಎರಡು ಕಮ್ಮಿ ತೋರಿಸಿದರೆ ಯಾರೂ ಸಾಯೋದಿಲ್ಲ, ಒಂದೇ ಸೀಟನ್ನು ಇಬ್ಬರಿಗೆ ಕೊಟ್ಟರೆ ಜಗಳವಾಗುತ್ತದೆ. ಡೈನಮೊ ಅನ್ನುವ ತಮ್ಮ ಡೇಟಾ ಸಂಗ್ರಹ ವ್ಯವಸ್ಥೆಯ ಬಗ್ಗೆ ಅಮೆಜಾನ್‌ನವರು ಬರೆದ 2007ರ ಪೇಪರ್ ಓದಿದಾಗ ನನಗಿದು ಸರಿಯಾಗಿ ಅರ್ಥವಾಯಿತು. ಶಾಪಿಂಗ್ ಕಾರ್ಟಿಗೆ ಹಾಕಿದ ವಸ್ತು ಕಳೆದುಹೋಗಲೇಬಾರದು ಅಂತ ಅವರು ತೀರ್ಮಾನಿಸಿದರು, ಅದರ ಬೆಲೆಯಾಗಿ ಕೆಲವೊಮ್ಮೆ ತೆಗೆದುಹಾಕಿದ ವಸ್ತು ಮತ್ತೆ ಕಾರ್ಟ್‌ನಲ್ಲಿ ಬಂದು ಕೂರಬಹುದು ಅಂತ ಒಪ್ಪಿಕೊಂಡರು. ಹತ್ತು ಪೇಪರ್‌ಗಳನ್ನು ಮೇಲೆಮೇಲೆ ಓದೋದಕ್ಕಿಂತ ಈ ಒಂದನ್ನು ನಿಧಾನವಾಗಿ ಓದಿ ಅಂತ ನನ್ನ ಸಲಹೆ. (ಈಗ ಸಿಗುವ ಅಮೆಜಾನ್‌ನ ಡೇಟಾಬೇಸ್ ಸೇವೆ ಡೈನಮೊಡಿಬಿ ಬೇರೆ, ಆ ಪೇಪರ್‌ನ ಡೈನಮೊ ಬೇರೆ. ಹೆಸರು ಕೇಳಿ ಎರಡನ್ನೂ ಕಲಸಬೇಡಿ, ನಾನು ಕಲಸಿದ್ದೆ.)

"ನೀವು ಮಾಡಿದ ದೊಡ್ಡ ತಪ್ಪು ಯಾವುದು?" ಇದನ್ನು ಕೇಳದೇ ಬಿಡೋದಿಲ್ಲ. "ನಾನು ಜಾಸ್ತಿ ಕೆಲಸ ಮಾಡ್ತೀನಿ, ಅದೇ ನನ್ನ ತಪ್ಪು" ಅನ್ನುವ ಉತ್ತರವನ್ನು ದಯವಿಟ್ಟು ಯಾರೂ ಕೊಡಬೇಡಿ. ನನ್ನ ಹತ್ತಿರ ನಿಜವಾದದ್ದೇ ಇತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ದೊಡ್ಡ ಟೇಬಲ್ ಒಂದಕ್ಕೆ ಹಗಲು ಹೊತ್ತಿನಲ್ಲೇ ಇಂಡೆಕ್ಸ್ (ಬೇಗ ಹುಡುಕೋಕೆ ಸಹಾಯ ಮಾಡುವ ಸೂಚಿ) ಹಾಕೋಕೆ ಹೋದೆ. ಮಾಮೂಲಿ ಕ್ರಿಯೇಟ್ ಇಂಡೆಕ್ಸ್ ಕೊಟ್ಟರೆ ಅದು ಮುಗಿಯುವವರೆಗೂ ಆ ಟೇಬಲ್‌ಗೆ ಬರೆಯೋಕೆ ಯಾರಿಗೂ ಆಗೋದಿಲ್ಲ, ಓದೋಕೆ ಮಾತ್ರ ಆಗುತ್ತದೆ. ಇಪ್ಪತ್ತು ನಿಮಿಷ ಒಂದೂ ಆರ್ಡರ್ ಸೇವ್ ಆಗಲಿಲ್ಲ. ಕನ್‌ಕರೆಂಟ್ಲಿ ಅಂತ ಒಂದು ಪದ ಸೇರಿಸಿದ್ದರೆ ಏನೂ ಆಗುತ್ತಿರಲಿಲ್ಲ.

ಮೊದಲು ಈ ಕತೆಯನ್ನು ಹೇಗೆ ಹೇಳುತ್ತಿದ್ದೆ ಗೊತ್ತಾ? ತಪ್ಪು ಒಂದು ವಾಕ್ಯ, ನಾನು ಹೇಗೆ ಓಡಿಬಂದು ಕಾಪಾಡಿದೆ ಅನ್ನೋದು ಹತ್ತು ವಾಕ್ಯ. ಗೆಳೆಯ ಕೇಳಿ ನಕ್ಕ. "ಬೆಂಕಿ ಹಚ್ಚಿದವನೂ ನೀನೇ, ಆರಿಸಿದ ಹೀರೋನೂ ನೀನೇನಾ? ಆಮೇಲೆ ಏನು ಬದಲಾಯ್ತು ಅದು ಹೇಳು." ಬದಲಾದದ್ದು ಇತ್ತು. ಮೈಗ್ರೇಶನ್ ಫೈಲ್‌ನಲ್ಲಿ (ಡೇಟಾಬೇಸ್ ಬದಲಾವಣೆಗಳನ್ನು ಬರೆಯುವ ಫೈಲ್) ಇಂಡೆಕ್ಸ್ ಹಾಕುವ ಕಡೆ ಆ ಪದ ಇಲ್ಲದಿದ್ದರೆ ಬಿಲ್ಡ್ ಫೇಲ್ ಆಗುವ ಚೆಕ್ ಬರೆದಿದ್ದೆ, ಲಾಕ್ ಸಿಗದಿದ್ದರೆ ಕೆಲವೇ ಸೆಕೆಂಡಿನಲ್ಲಿ ಬಿಟ್ಟುಬಿಡುವ ಹಾಗೆ ಟೈಮ್‌ಔಟ್ ಇಟ್ಟಿದ್ದೆ. ಕನ್‌ಕರೆಂಟ್ಲಿ ಕೊಟ್ಟರೂ ಮಧ್ಯದಲ್ಲಿ ಕೆಟ್ಟರೆ ಅರೆಬೆಂದ ಇಂಡೆಕ್ಸ್ ಒಂದು ಉಳಿದುಬಿಡುತ್ತದೆ, ಅದನ್ನು ಅಳಿಸೋಕೂ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಇಷ್ಟನ್ನೂ ಹೇಳದೆ ನಾನು ಓಡಿಬಂದ ಕತೆ ಹೇಳುತ್ತಿದ್ದೆನಲ್ಲ.

ಸಂಬಳ, ಲೆವೆಲ್ ಬಗ್ಗೆ ಚುಟುಕಾಗಿ: ಯಾವ ಲೆವೆಲ್‌ಗೆ ಇಂಟರ್‌ವ್ಯೂ ಅಂತ ಮೊದಲ ಫೋನ್‌ನಲ್ಲೇ ಕೇಳಿ. ಎಲ್ಲ ರೌಂಡ್ ಮುಗಿಸಿದಮೇಲೆ "ನಿಮಗೆ ಒಂದು ಹಂತ ಕೆಳಗೆ ಕೊಡ್ತೀವಿ" ಅನ್ನೋದು ಸಾಮಾನ್ಯ. ಅದು ಹೆಚ್ಚಾಗಿ ತೀರ್ಮಾನವಾಗೋದು ಡಿಸೈನ್ ಮತ್ತು ಅನುಭವದ ರೌಂಡ್‌ಗಳಲ್ಲಿ, ಕೋಡಿಂಗ್‌ನಲ್ಲಿ ಅಲ್ಲ, ನನಗೆ ಕಂಡ ಮಟ್ಟಿಗೆ. ಅವರನ್ನು ಕೇಳೋಕೆ ನಿಮ್ಮ ಹತ್ತಿರವೂ ಪ್ರಶ್ನೆ ಇರಲಿ. ನನ್ನ ಇಷ್ಟದ್ದು, "ಕೊನೇ ಸಲ ರಾತ್ರಿ ಯಾರನ್ನ ಎಬ್ಬಿಸಿದ್ರು, ಯಾತಕ್ಕೆ?" ಇದಕ್ಕೆ ಬರುವ ಉತ್ತರ, ಅದಕ್ಕಿಂತ ಹೆಚ್ಚಾಗಿ ಉತ್ತರಕ್ಕೆ ಮೊದಲು ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ರೀತಿ, ಎಲ್ಲ ಹೇಳಿಬಿಡುತ್ತದೆ.

ನಾಲ್ಕು ತಿಂಗಳ ಮೇಲೆ ಬೇರೆ ಕಡೆ ಇಂಟರ್‌ವ್ಯೂ. ಬೇರೆ ಮನುಷ್ಯರು, ಅದೇ ಪ್ರಶ್ನೆ. "ಸೆಕೆಂಡಿಗೆ ನಲವತ್ತು" ಅಂದೆ. "ಪೀಕ್‌ನಲ್ಲಿ ನೂರಿಪ್ಪತ್ತು."

"ಅಷ್ಟಕ್ಕೆ ಕ್ಯೂ ಯಾಕೆ ಬೇಕಿತ್ತು?"

ಎಸ್ಎಂಎಸ್ ಸೇವೆ ಮಲಗುತ್ತಿದ್ದದ್ದು, ಥ್ರೆಡ್‌ಗಳು ಕಾದು ಕೂತದ್ದು, 30 ಸೆಕೆಂಡಿನ ಟೈಮ್‌ಔಟ್, ಕ್ಯೂ ಬಂದಮೇಲೆ ಒಂದೇ ಮೆಸೇಜ್ ಎರಡು ಸಲ ಹೋಗಿ ಗ್ರಾಹಕರು ಬೈದದ್ದು, ಎಲ್ಲ ಹೇಳಿದೆ. ಅವರು ಮಧ್ಯೆಮಧ್ಯೆ ಕೇಳುತ್ತಾ ಹೋದರು. ಕೊನೆಗೆ ಎದ್ದು ತಾವೇ ಬೋರ್ಡ್ ಮೇಲೆ ತಮ್ಮ ಸಿಸ್ಟಮ್ ಬರೆಯೋಕೆ ಶುರುಮಾಡಿದರು. ನಾಲ್ಕು ಡಬ್ಬಿ, ಮೂರು ಬಾಣ. ಮೂಲೆಯಲ್ಲಿ ಡೆಡ್ ಲೆಟರ್ ಕ್ಯೂ ಅಂತ ಬರೆದರು. ಹಲವು ಸಲ ಪ್ರಯತ್ನಿಸಿದರೂ ಹೋಗದ ಮೆಸೇಜ್‌ಗಳನ್ನು ಹಾಕುವ ಜಾಗ ಅದು.

"ಅದನ್ನ ಯಾರು ನೋಡ್ತಾರೆ?" ಅಂತ ಕೇಳಿದೆ.

ಅವರು ಮಾರ್ಕರ್ ಮುಚ್ಚಳ ಹಾಕಿದರು. "ಸದ್ಯಕ್ಕೆ ಯಾರೂ ಇಲ್ಲ."

ಆ ಕೆಲಸ ಸಿಕ್ಕಿತು. ಸೇರಿದ ಮೊದಲ ವಾರ ನನ್ನ ಹೆಸರಿಗೆ ಬಂದ ಮೊದಲ ಟಿಕೆಟ್ ಅದೇ. ತೆಗೆದು ನೋಡಿದರೆ ಒಳಗೆ ಎರಡು ಲಕ್ಷದ ಹನ್ನೊಂದು ಸಾವಿರ ಮೆಸೇಜ್‌ಗಳು. ಅದರಲ್ಲಿ ತೀರ ಹಳೆಯದು ನನ್ನ ಮೊದಲ ಇಂಟರ್‌ವ್ಯೂಗಿಂತ ಹಿಂದಿನದು.